‘ಬೇಡವಾದ್ರೆ ಖಾಲಿ ಮಾಡಿ’ ಅನ್ನುವುದು ಉತ್ತರವಲ್ಲ

ಊರು ಬಿಟ್ಟು ಓದಲು ಹೋದ ಯಾರನ್ನೇ ಕೇಳಿ ನೋಡಿ. ಗೋಡೆ ಒಸರುತ್ತಿದೆ, ನಲ್ಲಿಯಲ್ಲಿ ನೀರಿಲ್ಲ, ಸ್ವಿಚ್ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದು ಮನೆ ಮಾಲೀಕರ ಮುಂದೆ ಹೇಳಿದರೆ ಬರುವ ಉತ್ತರ ಒಂದೇ. ‘ಇಷ್ಟ ಇದ್ರೆ ಇರಿ, ಬೇಡವಾದ್ರೆ ಖಾಲಿ ಮಾಡಿ.’ ಹುಬ್ಬಳ್ಳಿಯಲ್ಲಾದರೆ ‘ಇರೂದಿದ್ರ ಇರ್ರಿ, ಇಲ್ಲಂದ್ರ ಬಿಡ್ರಿ’. ಭಾಷೆ ಬದಲಾಗುತ್ತದೆ, ಅರ್ಥ ಬದಲಾಗುವುದಿಲ್ಲ. ಆಮೇಲೆ ಮಾತು ಮುಗಿಯಿತು. ನಾವು ರೂಮಿಗೆ ಬಂದು ಒದ್ದೆ ಗೋಡೆಯಿಂದ ಮಂಚವನ್ನು ಒಂದು ಗೇಣು ಆಚೆ ಎಳೆದುಕೊಂಡು ಮಲಗುತ್ತೇವೆ.

ಈ ಉತ್ತರ ಕೇಳಲು ನ್ಯಾಯವಾಗಿಯೇ ಇದೆ. ಮನೆ ಅವರದ್ದು, ಬಾಡಿಗೆ ನಮ್ಮದು, ಸರಿಹೋಗದಿದ್ದರೆ ಬೇರೆ ಕಡೆ ಹೋಗಬಹುದಲ್ಲ? ಆದರೆ ಖಾಲಿ ಮಾಡುವುದಕ್ಕೂ ಒಂದು ಬೆಲೆ ಇದೆ. ಸೆಮಿಸ್ಟರ್ ಮಧ್ಯದಲ್ಲಿ ಬೇರೆ ರೂಮು ಸಿಗಬೇಕು. ಅಲ್ಲಿ ಹೊಸ ಅಡ್ವಾನ್ಸ್ ಕೊಡಬೇಕು. ಇಲ್ಲಿಯ ಅಡ್ವಾನ್ಸ್ ಕೈಗೆ ಬರುವುದು ಯಾವಾಗಲೋ, ಬರುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಕಳೆದು ಬರುತ್ತದೆ. ಬ್ರೋಕರ್ ಇದ್ದರೆ ಅವರಿಗೊಂದು ತಿಂಗಳದ್ದು. ಟೆಂಪೊ ಬಾಡಿಗೆ ಬೇರೆ. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಒಸರುವ ಗೋಡೆಯೇ ಅಗ್ಗ ಅನ್ನಿಸುತ್ತದೆ. ಮಾಲೀಕರಿಗೂ ಇದು ಗೊತ್ತಿದೆ. ಹಾಗಾಗಿಯೇ ಅವರು ಅಷ್ಟು ಧೈರ್ಯದಿಂದ ‘ಖಾಲಿ ಮಾಡಿ’ ಅನ್ನುತ್ತಾರೆ.

ನಮ್ಮ ರೂಮಿನ ಕತೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಾನು ಕುಮಟಾ ತಾಲ್ಲೂಕಿನ ಸಂತೆಗುಳಿಯವನು, ಬಿ.ಇ. ಸಿವಿಲ್ ಓದುತ್ತಿದ್ದೇನೆ. ಕಾಲೇಜು ಇರುವುದು ಹುಬ್ಬಳ್ಳಿಯಲ್ಲಿ. ಹಾಸ್ಟೆಲಿನಲ್ಲಿ ಸೀಟು ಸಿಗದ ನಾವು ಮೂವರು, ಹೊನ್ನಾವರದವನೊಬ್ಬ, ಭಟ್ಕಳದವನೊಬ್ಬ ಮತ್ತು ನಾನು, ನೆಲಮಹಡಿಯ ಒಂದು ರೂಮು ಹಿಡಿದೆವು. ಜುಲೈ ಮಳೆಗೆ ಹಿಂದಿನ ಗೋಡೆಯಲ್ಲಿ ನೆಲದಿಂದ ಮೊಣಕಾಲೆತ್ತರಕ್ಕೆ ತೇವ ಏರಿತು. ಆಗಸ್ಟಿನಲ್ಲಿ ಅದೇ ಗೋಡೆಯ ಪ್ಲಗ್ ಪಾಯಿಂಟಿನಲ್ಲಿ ಶಾಕ್ ಹೊಡೆಯಲು ಶುರುವಾಯಿತು. ಹೊನ್ನಾವರದ ಗೆಳೆಯ ಒದ್ದೆ ಕೈಯಲ್ಲಿ ಇಸ್ತ್ರಿಪೆಟ್ಟಿಗೆಯ ಪಿನ್ ಹಾಕಲು ಹೋಗಿ ಹಿಂದಕ್ಕೆ ಬಿದ್ದ. ಏನೂ ಆಗಲಿಲ್ಲ, ಒಂದು ದಿನ ಕೈ ಮರಗಟ್ಟಿತ್ತು ಅಷ್ಟೆ. ಮಾಲೀಕರಿಗೆ ಫೋಟೊ ಕಳಿಸಿದೆವು, ಹೋಗಿ ಹೇಳಿದೆವು. ಮೂರನೇ ವಾರ ಎಲೆಕ್ಟ್ರಿಷಿಯನ್ ಬಂದು ಆ ಪಾಯಿಂಟನ್ನು ಟೇಪು ಸುತ್ತಿ ಬಂದ್ ಮಾಡಿ ಹೋದ. ಗೋಡೆ ಹಾಗೆಯೇ ಉಳಿಯಿತು. ವರ್ಷದ ಕೊನೆಯಲ್ಲಿ ಬಿಡುವಾಗ ಅಡ್ವಾನ್ಸಿನಿಂದ ಎರಡು ಸಾವಿರ ಮುರಿದುಕೊಂಡರು. ಕಾರಣ, ‘ಗೋಡೆ ಹಾಳು ಮಾಡಿದ್ದೀರಿ’.

ಇದರಲ್ಲಿ ವಿಶೇಷವೇನೂ ಇಲ್ಲ, ನಿಮ್ಮಲ್ಲಿ ಅರ್ಧಕ್ಕರ್ಧ ಜನರ ಕತೆಯೂ ಹೀಗೇ ಇರಬಹುದು. ಆದರೆ ಗೋಡೆಯನ್ನು ಹಾಳು ಮಾಡಿದ್ದು ಯಾರು ಎಂಬ ಪ್ರಶ್ನೆಗೆ ನಮ್ಮ ಪಠ್ಯಪುಸ್ತಕದಲ್ಲಿಯೇ ಉತ್ತರವಿದೆ. ಅಡಿಪಾಯದಿಂದ ಗೋಡೆಗೆ ನೀರು ಏರದಂತೆ ಪ್ಲಿಂತ್ ಮಟ್ಟದಲ್ಲಿ ತೇವ ತಡೆಯುವ ಒಂದು ಪದರ ಹಾಕಬೇಕು. ಅದನ್ನು ಹಾಕದಿದ್ದರೆ, ಅಥವಾ ಹಾಕಿದ್ದು ಒಡೆದಿದ್ದರೆ, ಇಟ್ಟಿಗೆ ದೀಪದ ಬತ್ತಿಯ ಹಾಗೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಬಾಡಿಗೆದಾರ ಎಷ್ಟೇ ಎಚ್ಚರದಿಂದ ಇದ್ದರೂ ಅದನ್ನು ತಡೆಯಲಾರ. ಒದ್ದೆ ಗೋಡೆಯೊಳಗೆ ಹಳೆಯ ವೈರಿಂಗ್ ಇದ್ದರೆ ವಿದ್ಯುತ್ ಸೋರುತ್ತದೆ. ಸೋರಿಕೆ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಕರೆಂಟನ್ನು ತಾನಾಗಿ ಕಡಿಯುವ ಆರ್‌ಸಿಸಿಬಿ ಎಂಬ ಸಾಧನ ಅಂಗಡಿಯಲ್ಲಿ ಸಿಗುತ್ತದೆ. ಅದರ ಬೆಲೆ ನಾವು ಮೂವರು ಸೇರಿ ಕೊಡುತ್ತಿದ್ದ ಒಂದು ತಿಂಗಳ ಬಾಡಿಗೆಗಿಂತ ಕಡಿಮೆ. ಮೀಟರಿನ ತನಕ ಹೆಸ್ಕಾಂ ಹೊಣೆ. ಮೀಟರಿನಿಂದ ಒಳಗೆ ಯಾರು ಹೊಣೆ ಎಂದು ಕೇಳಿದರೆ ಮಾಲೀಕರು ನಮ್ಮತ್ತ ನೋಡುತ್ತಾರೆ, ನಾವು ಅವರತ್ತ ನೋಡುತ್ತೇವೆ.

ವಾಸಕ್ಕೆ ಯೋಗ್ಯವಾದ ಕೋಣೆ ಎಂದರೇನು ಎಂಬುದೂ ಅವರವರ ಅಭಿಪ್ರಾಯಕ್ಕೆ ಬಿಟ್ಟದ್ದಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಂದೇ ಕೋಣೆಯ ಮನೆಯಾದರೆ ಆ ಕೋಣೆ ಕನಿಷ್ಠ 9.5 ಚದರ ಮೀಟರ್, ಅಂದರೆ ಸುಮಾರು 102 ಚದರ ಅಡಿ ಇರಬೇಕು. ಅಗಲ 2.4 ಮೀಟರಿಗಿಂತ ಕಡಿಮೆ ಇರಬಾರದು. ಗಾಳಿ ಬೆಳಕಿಗೆ ಬಿಡುವ ಕಿಟಕಿಯ ಜಾಗ ಒಣ ಬಿಸಿಲಿನ ಪ್ರದೇಶದಲ್ಲಿ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗ, ನಮ್ಮ ಕರಾವಳಿಯಂಥ ಸೆಕೆ ಮತ್ತು ತೇವದ ಪ್ರದೇಶದಲ್ಲಿ ಆರನೇ ಒಂದು ಭಾಗ ಇರಬೇಕು. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬ ಲೆಕ್ಕವಿದೆ. ಇವೆಲ್ಲ ನಮಗೆ ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳು. ಉತ್ತರ ಬರೆದು ಅಂಕ ಪಡೆದು, ಈ ಯಾವ ಲೆಕ್ಕಕ್ಕೂ ಕೂಡದ ಕೋಣೆಗೆ ಹೋಗಿ ಮಲಗುತ್ತೇವೆ.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಮಾತೇ ಎಂದು ಕೇಳುವವರಿಗೆ ಎರಡು ಘಟನೆ ನೆನಪಿಸುತ್ತೇನೆ. 2021ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಲಕ್ಕಸಂದ್ರದಲ್ಲಿ ಮೂರು ಅಂತಸ್ತಿನ ಹಳೆಯ ಕಟ್ಟಡವೊಂದು ಕುಸಿಯಿತು. ಮೆಟ್ರೊ ಕಾಮಗಾರಿಯ ಕಾರ್ಮಿಕರು ಅದರಲ್ಲಿ ವಾಸವಿದ್ದರು. ಕುಸಿಯುವ ಮೊದಲೇ ಹೊರಗೆ ಬಂದಿದ್ದರಿಂದ ಅವರ ಜೀವ ಉಳಿಯಿತು. ಎರಡನೆಯದು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ್ದು. 2020ರ ಡಿಸೆಂಬರಿನಲ್ಲಿ ಅವಾಬ್ ಇಷಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಬಾಡಿಗೆ ಮನೆಯ ಗೋಡೆಯ ಬೂಷ್ಟಿನ ನಡುವೆ ಬಹುಕಾಲ ಉಸಿರಾಡಿದ್ದೇ ಕಾರಣ ಎಂದು 2022ರಲ್ಲಿ ವಿಚಾರಣೆ ಹೇಳಿತು. ತಂದೆತಾಯಿ ಮತ್ತೆ ಮತ್ತೆ ದೂರು ಕೊಟ್ಟಿದ್ದರು. ಮನೆಯವರ ಜೀವನಕ್ರಮವೇ ಬೂಷ್ಟಿಗೆ ಕಾರಣ ಎಂಬ ಮಾತು ಅಲ್ಲಿಯೂ ಕೇಳಿಬಂದಿತ್ತು. ಆಮೇಲೆ ಆ ಮಗುವಿನ ಹೆಸರಿನಲ್ಲೇ ಕಾನೂನು ಬಂತು. ಸಾಮಾಜಿಕ ವಸತಿ ಸಂಸ್ಥೆಗಳು ತುರ್ತು ಅಪಾಯದ ದೂರನ್ನು 24 ಗಂಟೆಯೊಳಗೆ ಸರಿಪಡಿಸಬೇಕೆಂಬ ನಿಯಮ 2025ರ ಅಕ್ಟೋಬರಿನಿಂದ ಅಲ್ಲಿ ಜಾರಿಯಲ್ಲಿದೆ. ‘ನೀವೇ ಗೋಡೆ ಹಾಳು ಮಾಡಿದ್ದೀರಿ’ ಎಂಬ ಮಾತು ಎಲ್ಲಿಯವರೆಗೆ ಹೋಗಬಹುದು ನೋಡಿ.

ಹಾಗಾದರೆ ನಮ್ಮ ಕಾನೂನು ಏನು ಹೇಳುತ್ತದೆ? ಕರ್ನಾಟಕದಲ್ಲಿ 1999ರ ಬಾಡಿಗೆ ಕಾಯ್ದೆ ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗದಲ್ಲಿ ಬಂದದ್ದು. ಆದರೆ ಅದರ ರಕ್ಷಣೆಗೆ ಒಂದು ಮಿತಿ ಇದೆ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇಂದು ಆ ದುಡ್ಡಿಗೆ ಮನೆ ಎಲ್ಲಿದೆ? ಬೆಂಗಳೂರಿನಲ್ಲಿ ಅಷ್ಟಕ್ಕೆ ಬೈಕ್ ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಹೀಗೆ ಕಾಯ್ದೆ ಪುಸ್ತಕದಲ್ಲಿದೆ, ನಾವು ಅದರ ಹೊರಗಿದ್ದೇವೆ.

ಹೊರಗೆ ಉಳಿದವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಅದರ 108ನೇ ಕಲಮಿನಲ್ಲಿ ನಮಗೆ ಉಪಯೋಗವಾಗುವ ಒಂದು ಮಾತಿದೆ. ತಾನು ಮಾಡಬೇಕಾದ ದುರಸ್ತಿಯನ್ನು ಮಾಲೀಕ ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ ಬಾಡಿಗೆದಾರನೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಓದಿ ಖುಷಿಪಡುವ ಮೊದಲು ‘ತಾನು ಮಾಡಬೇಕಾದ’ ಎಂಬ ಮಾತನ್ನು ಇನ್ನೊಮ್ಮೆ ನೋಡಿ. ಯಾವ ದುರಸ್ತಿ ಮಾಲೀಕ ಮಾಡಬೇಕಾದದ್ದು? ಕರಾರಿನಲ್ಲಿ ಅವರು ಒಪ್ಪಿಕೊಂಡದ್ದು. ಕರಾರಿನಲ್ಲಿ ಬರೆಯದಿದ್ದರೆ ಆ ಕಲಮಿನ ಬಲವೂ ಇಲ್ಲ. ನಮ್ಮ ಕರಾರು ಪತ್ರಗಳನ್ನು ತೆಗೆದು ನೋಡಿ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಯಾವ ತಾರೀಕಿನೊಳಗೆ ಕೊಡಬೇಕು, ಮೊಳೆ ಹೊಡೆಯಬಾರದು, ರಾತ್ರಿ ತಡವಾಗಿ ಬರಬಾರದು, ಗೆಳೆಯರನ್ನು ಕರೆಯಬಾರದು. ನಮ್ಮ ಕರ್ತವ್ಯಗಳದ್ದೇ ಒಂದು ಪುಟ. ಮಾಲೀಕರ ಕರ್ತವ್ಯದ್ದು ಒಂದು ಸಾಲೂ ಇರುವುದಿಲ್ಲ. ಎಷ್ಟೋ ಜನರಿಗೆ ಕರಾರು ಪತ್ರವೇ ಇಲ್ಲ. ಇದ್ದರೂ 11 ತಿಂಗಳದ್ದು, ಏಕೆಂದರೆ ಅವಧಿ ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು.

ಕೇಂದ್ರ ಸರ್ಕಾರ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟು ರಾಜ್ಯಗಳಿಗೆ ಕಳಿಸಿತು. ಅದರಲ್ಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಎಂದಿದೆ. ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಅಭ್ಯಾಸವಾದ ಬೆಂಗಳೂರಿನವರಿಗೆ ಇದು ಕನಸಿನಂತೆ ಕೇಳಬಹುದು. ಯಾರು ಏನು ದುರಸ್ತಿ ಮಾಡಬೇಕೆಂಬ ಪಟ್ಟಿಯೂ ಅದರಲ್ಲಿದೆ. ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಪೈಪ್ ಬದಲಿಸುವುದು, ವೈರಿಂಗ್ ಮಾಲೀಕರದ್ದು. ನಲ್ಲಿಯ ವಾಷರ್, ಸ್ವಿಚ್ಚು ಸಾಕೆಟ್ಟು, ಒಡೆದ ಕಿಟಕಿ ಗಾಜು, ಚರಂಡಿ ಚೊಕ್ಕಟ ಮಾಡುವುದು ಬಾಡಿಗೆದಾರನದ್ದು. ಮಾಲೀಕ ದುರಸ್ತಿ ಮಾಡದಿದ್ದರೆ ಬಾಡಿಗೆದಾರ ಮಾಡಿಸಿ, ತಿಂಗಳಿಗೆ ಬಾಡಿಗೆಯ ಅರ್ಧದಷ್ಟು ಮೀರದಂತೆ ಮುರಿದುಕೊಳ್ಳಬಹುದು. ನೀರು, ಕರೆಂಟು ಕಡಿಯುವಂತಿಲ್ಲ. ರೂಮಿನೊಳಗೆ ಬರಬೇಕಾದರೆ 24 ಗಂಟೆ ಮೊದಲು ತಿಳಿಸಬೇಕು. ವ್ಯಾಜ್ಯವನ್ನು ಬಾಡಿಗೆ ನ್ಯಾಯಾಲಯ 60 ದಿನಗಳೊಳಗೆ ಮುಗಿಸಲು ನೋಡಬೇಕು. ತಮಿಳುನಾಡು 2017ರಲ್ಲೇ, ಉತ್ತರ ಪ್ರದೇಶ 2021ರಲ್ಲಿ ಹೊಸ ಬಾಡಿಗೆ ಕಾಯ್ದೆ ಮಾಡಿಕೊಂಡವು. ನಾವು 1999ರದ್ದನ್ನೇ ಹಿಡಿದುಕೊಂಡಿದ್ದೇವೆ.

‘ಕಾನೂನು ಬಂದರೆ ಏನಾಗುತ್ತದೆ, ಕೋರ್ಟಿಗೆ ಯಾರು ಅಲೆಯುತ್ತಾರೆ’ ಎಂದು ಗೆಳೆಯರು ಕೇಳುತ್ತಾರೆ. ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಇದೆ. ಉತ್ತರ ಕನ್ನಡದ ನಮ್ಮ ಪೀಳಿಗೆಯಲ್ಲಿ ಬಹಳ ಜನ ಗೇಣಿದಾರರ ಮೊಮ್ಮಕ್ಕಳು. ನಮ್ಮ ಅಜ್ಜನೂ ಗೇಣಿಗೆ ಗದ್ದೆ ಮಾಡಿದವರೇ. ಆ ಕಾಲದ ಗೇಣಿದಾರನಿಗೆ ಒಡೆಯರು ಹೇಳುತ್ತಿದ್ದ ಮಾತೂ ಇದೇ: ‘ಆಗದಿದ್ದರೆ ಗದ್ದೆ ಬಿಡು.’ ಬಿಟ್ಟರೆ ಹೋಗುವುದು ಎಲ್ಲಿಗೆ? ದಿನಕರ ದೇಸಾಯಿಯವರು ಅಂಕೋಲೆಯ ಕಡೆ ಗೇಣಿದಾರ ರೈತರನ್ನು ಒಟ್ಟು ಮಾಡಿದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಪಕ್ಕದ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. 1956ರ ತನಕ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಗೆ 1948ರ ಮುಂಬಯಿ ಗೇಣಿ ಕಾಯ್ದೆ ಬಂದಿತ್ತು. ಆದರೂ ಗೇಣಿ ಮುಂದುವರಿದೇ ಇತ್ತು. ನಿಜವಾಗಿ ಬದಲಾದದ್ದು ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆ.

ಆ ಕಾಯ್ದೆ ಯಾಕೆ ಗೆದ್ದಿತು ಎಂಬುದು ನನಗೆ ಮುಖ್ಯ ಅನ್ನಿಸುತ್ತದೆ. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಒಂದರಿಂದಲೇ ಅಲ್ಲ. ಗೇಣಿದಾರ ಏಳನೇ ನಂಬರ್ ಫಾರಂ ತುಂಬಿ ಕೊಟ್ಟರೆ ಸಾಕಿತ್ತು. ಸಿವಿಲ್ ಕೋರ್ಟಿನ ಬದಲು ಭೂ ನ್ಯಾಯಮಂಡಳಿಗಳಿದ್ದವು. ಉಪವಿಭಾಗಾಧಿಕಾರಿಯ ಜೊತೆ ಸರ್ಕಾರ ನೇಮಿಸಿದ ಸಾರ್ವಜನಿಕರೂ ಅದರಲ್ಲಿ ಕೂರುತ್ತಿದ್ದರು. ಶುರುವಿನಲ್ಲಿ ಅಲ್ಲಿ ವಕೀಲರು ವಾದಿಸುವಂತೆಯೂ ಇರಲಿಲ್ಲ. ಅಕ್ಷರ ಬಾರದ ಗೇಣಿದಾರ ತನ್ನ ಮಾತನ್ನು ತಾನೇ ಹೇಳಬಹುದಿತ್ತು. ಹತ್ತಿರದ ಜಾಗ, ಒಂದು ಫಾರಂ, ಕಡಿಮೆ ಖರ್ಚು. ಇನ್ನೊಂದು ಪಾಠವೂ ಅದರಲ್ಲಿದೆ. ಪಹಣಿಯಲ್ಲಿ ಹೆಸರು ಇದ್ದವರಿಗೆ, ಗೇಣಿ ಚೀಟಿ ಇಟ್ಟುಕೊಂಡವರಿಗೆ ದಾರಿ ಸುಲಭವಾಯಿತು. ಬರೀ ಬಾಯಿಮಾತಿನ ಗೇಣಿ ಮಾಡಿದವರು ಸಾಕ್ಷಿ ಹುಡುಕುತ್ತ ಅಲೆಯಬೇಕಾಯಿತು.

ಬಾಡಿಗೆ ಮನೆ ನಮ್ಮದಾಗಬೇಕು ಎಂದು ನಾವ್ಯಾರೂ ಕೇಳುತ್ತಿಲ್ಲ. ಗದ್ದೆಗೂ ಮನೆಗೂ ವ್ಯತ್ಯಾಸ ಇದೆ. ನಮಗೆ ಬೇಕಾದದ್ದು ಶಾಕ್ ಹೊಡೆಯದ ಗೋಡೆ, ಬೆಳಿಗ್ಗೆ ಬರುವ ನೀರು, ಬಿಡುವಾಗ ಲೆಕ್ಕ ಕೊಟ್ಟು ಮರಳಿಸುವ ಅಡ್ವಾನ್ಸು. ಎರಡು ಸಾವಿರ ರೂಪಾಯಿಯ ಜಗಳಕ್ಕೆ ಸಿವಿಲ್ ಕೋರ್ಟಿಗೆ ಹೋಗುವವರು ಯಾರೂ ಇಲ್ಲ ಎಂಬ ಧೈರ್ಯದ ಮೇಲೆಯೇ ಈ ವ್ಯವಹಾರವೆಲ್ಲ ನಿಂತಿದೆ. ಅದಕ್ಕೇ ತಾಲ್ಲೂಕು ಕೇಂದ್ರದಲ್ಲಿ ಒಬ್ಬ ಅಧಿಕಾರಿ, ಒಂದು ಪುಟದ ಅರ್ಜಿ, ಸ್ಥಳಕ್ಕೆ ಬಂದು ನೋಡುವ ಒಬ್ಬ ಎಂಜಿನಿಯರ್, ಎರಡು ತಿಂಗಳಲ್ಲಿ ತೀರ್ಮಾನ ಬೇಕು. 1974ರಲ್ಲಿ ಗದ್ದೆಗೆ ಸಾಧ್ಯವಾದದ್ದು ಇಂದು ಒಂದು ಕೋಣೆಯ ವಿಷಯಕ್ಕೆ ಸಾಧ್ಯವಾಗದೇ?

ಮಾಲೀಕರ ಕಡೆಯ ಮಾತನ್ನೂ ಕೇಳಬೇಕು. ನಮ್ಮ ಚಿಕ್ಕಪ್ಪ ಕುಮಟೆಯಲ್ಲಿ ಎರಡು ಕೋಣೆ ಬಾಡಿಗೆಗೆ ಕೊಟ್ಟಿದ್ದಾರೆ. ಮನೆ ಕಟ್ಟಲು ಮಾಡಿದ ಸಾಲದ ಕಂತು ಆ ಬಾಡಿಗೆಯಿಂದಲೇ ಹೋಗುತ್ತದೆ. ಒಮ್ಮೆ ಇದ್ದವರು ಮೂರು ತಿಂಗಳ ಬಾಡಿಗೆ ಬಾಕಿ ಇಟ್ಟು ರಾತ್ರೋರಾತ್ರಿ ಹೋದರು. ಕಮೋಡ್ ಒಡೆದಿತ್ತು, ಗೋಡೆ ತುಂಬ ಎಣ್ಣೆ ಕಲೆ. ‘ಹುಡುಗರಿಗೆ ಮನೆ ಕೊಡೂದಿಲ್ಲ’ ಎಂದು ಅವರು ಅಂದು ನಿಶ್ಚಯಿಸಿದ್ದು ಸುಮ್ಮನೆ ಅಲ್ಲ. ಮಾಲೀಕರೆಲ್ಲ ದೊಡ್ಡ ಸಾಹುಕಾರರಲ್ಲ. ನಿವೃತ್ತಿಯ ದುಡ್ಡಿನಿಂದ ಮೇಲೊಂದು ಮಹಡಿ ಎಬ್ಬಿಸಿದವರು, ಬಾಡಿಗೆಯಿಂದಲೇ ಔಷಧಿ ಖರ್ಚು ನೋಡಿಕೊಳ್ಳುವವರು ಬಹಳ. ಅವರಿಗೂ ಕೋರ್ಟು ದೂರ. ಮನೆ ಬಿಡದ ಬಾಡಿಗೆದಾರನನ್ನು ಬಿಡಿಸಲು ವರ್ಷಗಟ್ಟಲೆ ಅಲೆಯಬೇಕಾಗಬಹುದು ಎಂಬ ಹೆದರಿಕೆಯಿಂದಲೇ ಅವರು ದೊಡ್ಡ ಅಡ್ವಾನ್ಸ್ ಕೇಳುತ್ತಾರೆ. ಹತ್ತಿರದಲ್ಲಿ ಬೇಗ ತೀರ್ಮಾನಿಸುವ ಜಾಗ ಒಂದಿದ್ದರೆ ಈ ಹೆದರಿಕೆಯೂ ಕಡಿಮೆಯಾಗುತ್ತದೆ, ಅಡ್ವಾನ್ಸೂ ಇಳಿಯುತ್ತದೆ. ಹಾಗಾಗಿ ನಾನು ಕೇಳುತ್ತಿರುವ ವ್ಯವಸ್ಥೆ ಇಬ್ಬರಿಗೂ ಬೇಕಾದದ್ದು.

ಆದರೆ ಒಂದು ಮಾತು ಮಾಲೀಕರಿಗೆ ಹೇಳಲೇಬೇಕು. ನಮ್ಮೂರಿನಲ್ಲಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸಿ, ಮಣ್ಣಿನ ಗೋಡೆಗೆ ಮಳೆಯ ಎರಚಲು ಬಡಿಯದಂತೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಎಷ್ಟೇ ಬಡವರಾದರೂ ಇದನ್ನು ಬಿಡುವುದಿಲ್ಲ, ಏಕೆಂದರೆ ಒಂದು ಮಳೆಗಾಲ ಬಿಟ್ಟರೆ ಗೋಡೆಯೇ ಕೂರುತ್ತದೆ. ಸ್ವಂತದ ಮನೆಗೆ ಮೇ ತಿಂಗಳಲ್ಲಿ ಮಾಡುವ ಈ ಕೆಲಸವನ್ನು ಬಾಡಿಗೆ ಮನೆಗೆ ಯಾಕೆ ಮಾಡುವುದಿಲ್ಲ? ಅದರೊಳಗೆ ಮಲಗುವವರು ಬೇರೆಯವರ ಮಕ್ಕಳು ಎಂಬುದೊಂದೇ ಕಾರಣವಾಗಬಾರದು.

ಇದರಲ್ಲಿ ಇನ್ನೊಂದು ಮಗ್ಗುಲಿದೆ, ಅದನ್ನು ಹೇಳದೆ ಬಿಟ್ಟರೆ ಮಾತು ಪೂರ್ತಿಯಾಗುವುದಿಲ್ಲ. ರೂಮು ಹುಡುಕುವಾಗ ನಮಗೆ ಕೇಳಿದ ಮೊದಲ ಪ್ರಶ್ನೆ ಕಾಲೇಜು ಯಾವುದು ಎಂಬುದಲ್ಲ, ‘ಯಾವ ಪೈಕಿ’ ಎಂಬುದು. ಎರಡನೆಯದು ‘ನಾನ್‌ವೆಜ್ ತಿಂತೀರಾ’. ಭಟ್ಕಳದ ಗೆಳೆಯ ಹೆಸರು ಹೇಳಿದ ಕೂಡಲೇ ಖಾಲಿ ಇದ್ದ ಎರಡು ರೂಮು ‘ನಿನ್ನೆಯೇ ಹೋಯ್ತು’ ಎಂದಾದವು. ಎಲ್ಲರಿಗೂ ಹತ್ತು ಮನೆ ತೆರೆದಿದ್ದರೆ ಅವನಿಗೆ ಎರಡು. ಆ ಎರಡರಲ್ಲಿ ಒಂದರ ಗೋಡೆ ಒಸರುತ್ತಿದ್ದರೂ ಅವನು ಸುಮ್ಮನಿರಬೇಕು. ‘ಬೇಡವಾದ್ರೆ ಖಾಲಿ ಮಾಡಿ’ ಎಂಬ ಮಾತು ಎಲ್ಲರ ಮೇಲೆ ಒಂದೇ ತೂಕದಲ್ಲಿ ಬೀಳುವುದಿಲ್ಲ. ಹೋಗಲು ಜಾಗ ಕಡಿಮೆ ಇದ್ದವರು ಕೆಟ್ಟ ಮನೆಗೆ ಹೆಚ್ಚು ಬಾಡಿಗೆ ಕೊಟ್ಟು ಬಾಯಿ ಮುಚ್ಚಿಕೊಂಡಿರುತ್ತಾರೆ. ಹುಡುಗಿಯರದ್ದೂ ಇದೇ ಪಾಡು. ದೂರು ಹೇಳಿದರೆ ಮನೆಗೆ ಫೋನು ಹೋಗುತ್ತದೆ, ‘ನಿಮ್ಮ ಮಗಳು ತಡವಾಗಿ ಬರ್ತಾಳೆ’ ಎಂಬ ದೂರು ಸೇರಿಕೊಂಡು.

ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದವರ ಪಿ.ಜಿ. ಕತೆ ಬೇರೆ. 2024ರ ಜುಲೈನಲ್ಲಿ ಕೋರಮಂಗಲದ ಪಿ.ಜಿ.ಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ ಬಿಬಿಎಂಪಿ ಮಾರ್ಗಸೂಚಿ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ ಕ್ಯಾಮೆರಾ, ಕಾವಲು, ಅಡುಗೆಮನೆಗೆ ಆಹಾರ ಸುರಕ್ಷತಾ ಪರವಾನಗಿ ಎಂದೆಲ್ಲ ಅದರಲ್ಲಿತ್ತು. ಒಂದು ಜೀವ ಹೋದ ಮೇಲೆ ಪಟ್ಟಿ ಸಿದ್ಧವಾಯಿತು. ಆ ಪಟ್ಟಿ ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಶಿವಮೊಗ್ಗಕ್ಕೆ ಬರಲು ಅಲ್ಲಿಯೂ ಒಂದೊಂದು ಜೀವ ಹೋಗಬೇಕೇ?

ಸರ್ಕಾರ ಕಾನೂನು ಮಾಡುವ ತನಕ ಕಾಲೇಜುಗಳು ಮಾಡಬಹುದಾದ ಕೆಲಸ ಒಂದಿದೆ. ಸಿವಿಲ್ ವಿಭಾಗ ಇರುವ ಯಾವ ಎಂಜಿನಿಯರಿಂಗ್ ಕಾಲೇಜಾದರೂ ಸುತ್ತಲಿನ ಎರಡು ಕಿಲೋಮೀಟರ್ ಒಳಗಿನ ಬಾಡಿಗೆ ರೂಮುಗಳ ಪಟ್ಟಿ ಮಾಡಬಹುದು. ಒಪ್ಪುವ ಮಾಲೀಕರ ಮನೆಗೆ ಅಧ್ಯಾಪಕರೊಬ್ಬರ ಜೊತೆ ನಾಲ್ಕು ವಿದ್ಯಾರ್ಥಿಗಳು ಹೋಗಿ ತೇವ, ವೈರಿಂಗ್, ಅರ್ಥಿಂಗ್, ಗಾಳಿ, ನೀರು ನೋಡಿ ಒಂದು ಪುಟದ ವರದಿ ಕೊಡಬಹುದು. ನಮಗೆ ಅದು ಪ್ರಾಜೆಕ್ಟ್, ಮಾಲೀಕರಿಗೆ ಬಿಟ್ಟಿ ತಪಾಸಣೆ, ಹೊಸದಾಗಿ ಬರುವ ಜೂನಿಯರಿಗೆ ನಂಬಬಹುದಾದ ಪಟ್ಟಿ. ಒಳ್ಳೆಯ ಮನೆಗೆ ಬೇಡಿಕೆ ಹೆಚ್ಚಿದರೆ ಉಳಿದವರೂ ದುರಸ್ತಿ ಮಾಡಿಸುತ್ತಾರೆ. ಇದಕ್ಕೆ ಯಾವ ಆದೇಶವೂ ಬೇಕಾಗಿಲ್ಲ.

ಕೊನೆಗೆ ನಾವು ಮಾಡಬೇಕಾದದ್ದು. ಅಡ್ವಾನ್ಸ್ ಕೊಡುವ ಮೊದಲು ರೂಮನ್ನು ಎರಡು ಸಲ ನೋಡಿ, ಸಾಧ್ಯವಾದರೆ ಒಂದು ಸಲ ಮಳೆ ಬಂದ ಮರುದಿನ. ಹೊಸ ಬಣ್ಣ ಹೊಡೆದ ಗೋಡೆಯ ಬುಡವನ್ನು ಕೈಯಿಂದ ಮುಟ್ಟಿ ನೋಡಿ. ಸಂಪಿನ ಮುಚ್ಚಳ ತೆಗೆಸಿ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಬಚ್ಚಲಮನೆಯೊಳಗೆ ಗ್ಯಾಸ್ ಗೀಸರ್ ಇದ್ದು, ಗಾಳಿ ಹೋಗಲು ಕಿಟಕಿ ಇಲ್ಲದಿದ್ದರೆ ಆ ರೂಮು ಎಷ್ಟೇ ಅಗ್ಗವಾದರೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೋದ ದಿನವೇ ಗೋಡೆ, ನೆಲ, ನಲ್ಲಿ, ಸ್ವಿಚ್‌ಬೋರ್ಡುಗಳ ವಿಡಿಯೊ ಮಾಡಿ ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ತಾರೀಕು ತಾನಾಗಿಯೇ ಉಳಿಯುತ್ತದೆ, ನಾಳೆ ‘ನೀವೇ ಹಾಳು ಮಾಡಿದ್ದು’ ಎನ್ನಲಾಗದು. ಬಾಡಿಗೆಯನ್ನು ನಗದಾಗಿ ಕೊಡಬೇಡಿ, ಫೋನ್‌ಪೇ ಅಥವಾ ಬ್ಯಾಂಕಿನ ಮೂಲಕ ಕೊಡಿ. ನಗದೇ ಬೇಕೆಂದರೆ ರಸೀದಿ ಕೇಳಿ. ನಮ್ಮ ಕಾಲದ ಗೇಣಿ ಚೀಟಿ ಅದೇ.

ಕರಾರು ಪತ್ರ ಬೇಕೇ ಬೇಕು. 2023ರಲ್ಲಿ ಗೃಹಜ್ಯೋತಿ ಬಂದಾಗ ಬಾಡಿಗೆದಾರರೂ ಕರಾರು ಪತ್ರದಂಥ ದಾಖಲೆ ತೋರಿಸಿ ನೋಂದಾಯಿಸಿಕೊಳ್ಳಬಹುದಿತ್ತು. ಕಾಗದ ಇಲ್ಲದವರು ಪರದಾಡಿದರು. ಆ ಪತ್ರದಲ್ಲಿ ಎರಡೇ ಎರಡು ಸಾಲು ಸೇರಿಸಲು ಕೇಳಿ. ಒಂದು, ‘ಕಟ್ಟಡ, ಪೈಪು, ವೈರಿಂಗ್ ದುರಸ್ತಿ ಮಾಲೀಕರ ಜವಾಬ್ದಾರಿ, ತಿಳಿಸಿದ 15 ದಿನಗಳೊಳಗೆ ಮಾಡಿಸತಕ್ಕದ್ದು’. ಎರಡು, ‘ಬಿಡುವಾಗ ಅಡ್ವಾನ್ಸಿನಿಂದ ಏನೇ ಕಳೆದರೂ ಬಿಲ್ಲು ಕೊಡತಕ್ಕದ್ದು’. ಮೊದಲನೆಯ ಸಾಲು ಇದ್ದರೆ 1882ರ ಆ ಕಲಮು ನಿಮ್ಮ ಪರವಾಗಿ ಮಾತಾಡುತ್ತದೆ. ಮಾಲೀಕರು ಒಪ್ಪದಿದ್ದರೆ, ದುರಸ್ತಿ ಮಾಡುವ ಮನಸ್ಸಿಲ್ಲ ಎಂಬುದು ಅಡ್ವಾನ್ಸ್ ಕೊಡುವ ಮೊದಲೇ ಗೊತ್ತಾದಂತಾಯಿತು.

ಜಗಳ ಬಂದೇ ಬಂತು ಎಂದಾದರೆ ಕೂಗಾಡಬೇಡಿ, ಬಾಡಿಗೆ ನಿಲ್ಲಿಸಬೇಡಿ. ಬಾಡಿಗೆ ನಿಲ್ಲಿಸಿದ ದಿನ ತಪ್ಪು ನಿಮ್ಮ ತಲೆಗೆ ಬರುತ್ತದೆ. ಬರಹದಲ್ಲಿ ನೋಟಿಸ್ ಕೊಡಿ. ಪ್ರತಿ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಕೇಸು ಹಾಕುವ ಮೊದಲೇ ಇಬ್ಬರನ್ನೂ ಕರೆದು ರಾಜಿ ಮಾಡಿಸುವ ವ್ಯವಸ್ಥೆಯೂ ಇದೆ. ಊಟ, ಸ್ವಚ್ಛತೆ, ವೈಫೈ ಎಲ್ಲ ಸೇರಿಸಿ ದುಡ್ಡು ಪಡೆಯುವ ಪಿ.ಜಿ.ಯಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಐದು ಲಕ್ಷದೊಳಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ನಾವೂ ನಮ್ಮ ಎರಡು ಸಾವಿರಕ್ಕೆ ಫೋಟೊ ಸಮೇತ ಒಂದು ನೋಟಿಸ್ ಬರೆದು ಕಳಿಸಿದ್ದೇವೆ. ಮೊತ್ತ ಚಿಕ್ಕದು, ಆದರೆ ಆ ರೂಮಿಗೆ ಈಗ ಬೇರೆ ಮೂವರು ಹುಡುಗರು ಬಂದಿದ್ದಾರೆ, ಗೋಡೆಗೆ ಹೊಸ ಬಣ್ಣ ಬಿದ್ದಿದೆ, ಪ್ಲಗ್ ಪಾಯಿಂಟಿನ ಟೇಪು ತೆಗೆದಾಗಿದೆ.

ಹೊಸ ಬ್ಯಾಚಿನವರು ಅಪ್ಪ ಅಮ್ಮನ ಜೊತೆ ಬ್ಯಾಗು ಹಿಡಿದು ರೂಮು ಹುಡುಕುವ ದಿನಗಳು ಇವು. ನಿಮ್ಮ ಹಳೆಯ ರೂಮಿನಲ್ಲಿ ಏನು ಸರಿ ಇತ್ತು, ಏನು ಸರಿ ಇರಲಿಲ್ಲ ಎಂದು ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ನಿಮ್ಮ ಕ್ಷೇತ್ರದ ಶಾಸಕರು ಸಿಕ್ಕರೆ ಸೆಲ್ಫಿ ತೆಗೆದುಕೊಂಡ ಮೇಲೆ ಒಂದು ಪ್ರಶ್ನೆ ಕೇಳಿ: 3,500 ರೂಪಾಯಿಯ ಮಿತಿಯ ಆ ಬಾಡಿಗೆ ಕಾಯ್ದೆಯನ್ನು ಯಾವಾಗ ಬದಲಿಸುತ್ತೀರಿ?

(ಲೇಖಕ ಬಿ.ಇ. ವಿದ್ಯಾರ್ಥಿ, ಸಂತೆಗುಳಿ, ಕುಮಟಾ ತಾಲ್ಲೂಕು)